ಕೊನೆಯ ಗಿರಾಕಿ ಯಾರು? ಹೊಸ ದಂಧೆಗೆ ರೊಕ್ಕ ಹಾಕುವ ಮುಂಚೆ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಗದಗ ಹತ್ತಿರದ ಒಂದು ಹಳ್ಳಿಯಲ್ಲಿದ್ದಾರೆ. ಮೂರು ವರ್ಷದ ಹಿಂದೆ ದೀಪಾವಳಿ ಆದಮೇಲೆ ಅವರ ಮನೆಗೆ ಹೋಗಿದ್ದೆ. ಪಡಸಾಲೆಯ ಮೂಲೆಯಲ್ಲಿ ಒಂದು ಯಂತ್ರ ಇತ್ತು. ಅದರ ಮೇಲೆ ಹಳೇ ಸೀರೆ ಹೊದಿಸಿದ್ದರು. "ಇದೇನು ವೈನಿ?" ಅಂದೆ. "ಹೂಬತ್ತಿ ಮಾಡೋ ಮಷೀನ್ ತಮ್ಮಾ. ಮಷೀನ್ ಏನೋ ಚಲೋ ನಡೀತದ, ಬತ್ತಿ ತಗೊಳ್ಳೋರ ಇಲ್ಲ" ಅಂದರು.

ಆಗಿದ್ದು ಇಷ್ಟು. ಒಂದು ಕಂಪನಿಯವರು 35 ಸಾವಿರಕ್ಕೆ ಯಂತ್ರ ಕೊಟ್ಟರು. ಹತ್ತಿಯನ್ನೂ ಅವರೇ ಕೊಡುತ್ತಾರೆ, ಮಾಡಿದ ಬತ್ತಿಯನ್ನೂ ಅವರೇ ವಾಪಸ್ ತಗೊಳ್ಳುತ್ತಾರೆ. ಎರಡು ತಿಂಗಳು ಹೇಳಿದ ಹಾಗೆ ರೊಕ್ಕ ಬಂತು. ಅದನ್ನು ನೋಡಿ ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಯಂತ್ರ ತಂದರು. ಮೂರನೇ ತಿಂಗಳು "ನಿಮ್ಮ ಬತ್ತಿ ಗುಣಮಟ್ಟ ಸರಿಯಿಲ್ಲ" ಅಂತ ಮಾಲು ವಾಪಸ್ ಕಳಿಸಿದರು. ನಾಲ್ಕನೇ ತಿಂಗಳು ಫೋನ್ ಸ್ವಿಚ್ ಆಫ್.

ನಾನು ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ವೈನಿಯ ವಿಷಯ ಆದಮೇಲೆ, ಪರಿಚಯದವರು ಯಾರೇ ಹೊಸ ದಂಧೆ ಅಂದರೂ "ರೊಕ್ಕ ಕೊಡೋಕ್ಕಿಂತ ಮುಂಚೆ ಒಮ್ಮೆ ಕಾಗದ ತೋರಿಸ್ರಿ" ಅನ್ನುತ್ತೇನೆ. ಅವರ ಜೊತೆ ಕೂತು ನಾನು ಏನೇನು ನೋಡುತ್ತೇನೆ ಅನ್ನುವುದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ಕೆಲವು ಐದು ನಿಮಿಷದ ಕೆಲಸ. ಕೆಲವಕ್ಕೆ ಒಂದು ದಿನ ಅಡ್ಡಾಡಬೇಕು.

ಇವತ್ತು ಒಂದು ರೂಪಾಯಿಯನ್ನೂ ಕೊಡಬೇಡಿ

"ಟೋಕನ್ ಐದುನೂರು ಕೊಟ್ಟು ಹೆಸರು ಬರೆಸಿ, ಉಳಿದಿದ್ದು ಆಮೇಲೆ" ಅನ್ನುತ್ತಾರೆ. ಐದುನೂರು ದೊಡ್ಡದಲ್ಲ ಅಂತ ನಮಗೆ ಅನಿಸುತ್ತದೆ. ಆದರೆ ಒಮ್ಮೆ ಕೊಟ್ಟ ಮೇಲೆ ನಮ್ಮ ಮನಸ್ಸು ವಿಚಾರಿಸುವುದನ್ನು ಬಿಟ್ಟು ಸಮರ್ಥನೆ ಹುಡುಕಲು ಶುರು ಮಾಡುತ್ತದೆ. ಅದಕ್ಕೇ ಮೊದಲೇ ಹೇಳಿಬಿಡಿ: "ಎಂಟು ದಿನ ಬೇಕು. ಮನೆಯವರ ಜೊತೆ ಮಾತಾಡಬೇಕು." ಚಲೋ ದಂಧೆ ಎಂಟು ದಿನಕ್ಕೆ ಹಾಳಾಗುವುದಿಲ್ಲ. "ನಾಳೆ ರೇಟು ಜಾಸ್ತಿ ಆಗುತ್ತದೆ, ನಿಮ್ಮ ತಾಲೂಕಿಗೆ ಒಂದೇ ಏಜೆನ್ಸಿ ಉಳಿದಿದೆ" ಅಂತ ಅವಸರ ಮಾಡಿದರೆ, ಆ ಮಾತನ್ನು ದಿನಾಂಕ ಹಾಕಿ ಬರೆದಿಡಿ. ಹದಿನೈದು ದಿನ ಬಿಟ್ಟು ಬೇರೆ ನಂಬರಿನಿಂದ ಕೇಳಿ ನೋಡಿ. ಆ ಒಂದೇ ಏಜೆನ್ಸಿ ಆಗಲೂ ಉಳಿದಿದ್ದರೆ, ಅವರ ಉಳಿದ ಮಾತಿಗೆ ಎಷ್ಟು ಬೆಲೆ ಅಂತ ನಿಮಗೇ ಗೊತ್ತಾಗುತ್ತದೆ.

ಮಾಲು ಕಡೆಗೆ ಯಾರ ಮನೆ ಸೇರುತ್ತದೆ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಯಾವುದನ್ನೂ ನೋಡುವ ಅಗತ್ಯವೇ ಇಲ್ಲ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಒಬ್ಬ ರೈತ ಚೀಲ ತಗೊಂಡು ಹೋಗುತ್ತಾನೆ ಅಂತ ಇಟ್ಟುಕೊಳ್ಳಿ. ರೇಟು ಏರಬಹುದು, ಇಳಿಯಬಹುದು. ಆದರೆ ಟೆಂಡರ್ ಹಾಕಲು ಹತ್ತಾರು ಖರೀದಿದಾರರು ಇರುತ್ತಾರೆ. ಅವರ ಹಿಂದೆ ಮಸಾಲೆ ಕಂಪನಿಗಳಿವೆ. ಆ ಕಂಪನಿಗಳ ಹಿಂದೆ ದಿನಾ ಸಾರು ಮಾಡುವ ಲಕ್ಷಾಂತರ ಮನೆಗಳಿವೆ. ಕೊನೆಯ ಗಿರಾಕಿ ಆ ಮನೆಯವರು. ರೊಕ್ಕ ಅಲ್ಲಿಂದ ಹೊರಟು ರೈತನವರೆಗೆ ಬರುತ್ತದೆ.

ಈಗ ವೈನಿಯ ಬತ್ತಿ ನೋಡಿ. ಯಂತ್ರ ಮಾರಿದವರು, ಹತ್ತಿ ಕೊಡುವವರು, ಬತ್ತಿ ಕೊಳ್ಳುವವರು, ಮೂವರೂ ಒಬ್ಬರೇ. ಆ ಕಂಪನಿ ಬತ್ತಿಯನ್ನು ಮುಂದೆ ಯಾರಿಗೆ ಮಾರುತ್ತದೆ ಅಂತ ಯಾರೂ ಕೇಳಲಿಲ್ಲ. ನಾನು ಆಮೇಲೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಪೂಜಾ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಕಂಪನಿಯವರು ವೈನಿಗೆ ಕೊಡುತ್ತೇವೆ ಅಂದ ದರಕ್ಕಿಂತ ಕಡಿಮೆಗೆ ಅಲ್ಲಿ ತಯಾರಾದ ಬತ್ತಿಯೇ ಸಿಗುತ್ತಿತ್ತು. ಅಂದಮೇಲೆ ಆ ಕಂಪನಿಗೆ ಬತ್ತಿಯಿಂದ ಲಾಭ ಬರಲು ಸಾಧ್ಯವೇ ಇರಲಿಲ್ಲ. ಅವರ ಲಾಭ ಇದ್ದದ್ದು ಯಂತ್ರದಲ್ಲಿ. ಅವರ ಕೊನೆಯ ಗಿರಾಕಿ ನಮ್ಮ ವೈನಿಯೇ. ಮೊದಲ ಎರಡು ತಿಂಗಳು ವೈನಿಗೆ ಬಂದ ರೊಕ್ಕ ಓಣಿಯ ಮುಂದಿನ ಇಬ್ಬರನ್ನು ಎಳೆಯಲು ಹಾಕಿದ ಕಾಳು.

ಹಾಗಾಗಿ ಮಾಡಬೇಕಾದ ಕೆಲಸ ಇದು. ತಯಾರಾಗುವ ವಸ್ತುವಿನ ಒಂದಿಷ್ಟು ಮಾದರಿ ಹಿಡಿದುಕೊಂಡು ಪೇಟೆಗೆ ಹೋಗಿ. ಕನಿಷ್ಠ ಐದು ಅಂಗಡಿಯಲ್ಲಿ ಕೇಳಿ. "ಇದನ್ನು ಎಷ್ಟಕ್ಕೆ ಮಾರುತ್ತೀರಿ?" ಅಂತ ಕೇಳಬೇಡಿ. "ನಾನು ತಂದುಕೊಟ್ಟರೆ ಕೆಜಿಗೆ ಎಷ್ಟಕ್ಕೆ ತಗೊಳ್ಳುತ್ತೀರಿ? ತಿಂಗಳಿಗೆ ಎಷ್ಟು ಬೇಕು? ರೊಕ್ಕ ಕೈಮೇಲೆ ಕೊಡುತ್ತೀರೋ, ಉದ್ರಿಯೋ?" ಅಂತ ಕೇಳಿ. ಅಡಿಕೆ ತಟ್ಟೆ, ಪೇಪರ್ ಕಪ್, ಕರ್ಪೂರ, ಊದಿನಕಡ್ಡಿ, ಅಣಬೆ, ಯಾವುದೇ ಇರಲಿ, ಇದೇ ಮೂರು ಪ್ರಶ್ನೆ. ಕಂಪನಿ ವಾಪಸ್ ತಗೊಳ್ಳದಿದ್ದರೂ ಪೇಟೆಯ ದರಕ್ಕೆ ಮಾರಿ ನಿಮಗೆ ಗಿಟ್ಟುತ್ತದೆ ಅಂದರೆ ಅದು ದಂಧೆ. ಕಂಪನಿ ತಗೊಂಡರೆ ಮಾತ್ರ ಗಿಟ್ಟುತ್ತದೆ ಅಂದರೆ ಕೈಬಿಡಿ.

ಇದು ಹೊಸ ಆಟವೂ ಅಲ್ಲ. ತಮಿಳುನಾಡಿನ ಈರೋಡ್ ಕಡೆ ಎಮು ಹಕ್ಕಿ ಸಾಕಣೆ ಅಂತ ಹೀಗೇ ನಡೆದಿತ್ತು. ಮರಿ ಕೊಡುತ್ತೇವೆ, ಮೇವು ಕೊಡುತ್ತೇವೆ, ತಿಂಗಳಿಗಿಷ್ಟು ರೊಕ್ಕ ಕೊಡುತ್ತೇವೆ, ಬೆಳೆದ ಹಕ್ಕಿಯನ್ನೂ ತಗೊಳ್ಳುತ್ತೇವೆ ಅಂದರು. ಅಷ್ಟೊಂದು ಎಮು ಮಾಂಸ ತಿನ್ನುವವರಾಗಲಿ, ಎಣ್ಣೆ ಕೊಳ್ಳುವವರಾಗಲಿ ಇರಲೇ ಇಲ್ಲ. 2012ರಲ್ಲಿ ಆ ಕಂಪನಿಗಳು ಮುಳುಗಿದವು. ರೈತರ ಕೈಯಲ್ಲಿ ಮೇವು ಕೇಳುವ ಹಕ್ಕಿಗಳು ಉಳಿದವು.

ಅವರೇ ಯಾಕೆ ಮಾಡುತ್ತಿಲ್ಲ?

ಒಂದು ಹಾಳೆ ತಗೊಂಡು ಅವರು ಹೇಳಿದ ಲೆಕ್ಕವನ್ನೇ ಬರೆಯಿರಿ. ಉದಾಹರಣೆಗೆ ದಿನಕ್ಕೆ ಎರಡು ಕೆಜಿ ಬತ್ತಿ, ಕೆಜಿಗೆ ನಿಮಗೆ 300 ರೂಪಾಯಿ ಉಳಿಯುತ್ತದೆ ಅನ್ನುತ್ತಾರೆ. ದಿನಕ್ಕೆ 600, ತಿಂಗಳಿಗೆ 18,000. ಎರಡೇ ತಿಂಗಳಲ್ಲಿ ಯಂತ್ರದ ರೊಕ್ಕ ವಾಪಸ್. ಕೇಳಲು ಬಹಳ ಚೆಂದ.

ಈಗ ಕಂಪನಿಯ ಕಡೆಯಿಂದ ಬರೆಯಿರಿ. ಅವರೇ ಹುಬ್ಬಳ್ಳಿಯ ತಾರಿಹಾಳ ಇಲ್ಲವೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದು ನೂರು ಯಂತ್ರ ಹಾಕಿ, ಒಬ್ಬೊಬ್ಬರಿಗೆ ದಿನಕ್ಕೆ 400 ಪಗಾರ ಕೊಟ್ಟರೂ, ಯಂತ್ರಕ್ಕೆ 200ರಂತೆ ದಿನಕ್ಕೆ 20 ಸಾವಿರ ಉಳಿಯುತ್ತದೆ. ಶೆಡ್ ಬಾಡಿಗೆ, ಕರೆಂಟು ಕಳೆದರೂ ಒಳ್ಳೆಯ ಮೊತ್ತವೇ. ಅದನ್ನು ಬಿಟ್ಟು ಅವರು ಹಳ್ಳಿ ಹಳ್ಳಿಗೆ ಬಂದು ನಮಗೆ ಯಂತ್ರ ಮಾರುತ್ತಿರುವುದು ಯಾಕೆ? ಈ ಪ್ರಶ್ನೆಯನ್ನು ಅವರ ಮುಂದೆಯೇ ಶಾಂತವಾಗಿ ಕೇಳಿ. "ಮಹಿಳಾ ಸಬಲೀಕರಣಕ್ಕಾಗಿ" ಅನ್ನುವ ಉತ್ತರ ಬಂದರೆ ಅದರಲ್ಲಿ ಲೆಕ್ಕ ಇಲ್ಲ.

ಬರೀ ಹೂಡಿಕೆಯ ಮಾತಾದರೂ ಹಾಳೆಯೇ ಸಾಕು. "ತಿಂಗಳಿಗೆ ನೂರಕ್ಕೆ ಹತ್ತು" ಅನ್ನುತ್ತಾರೆ. ಬಡ್ಡಿಯನ್ನೂ ಅಲ್ಲೇ ಬಿಡುತ್ತಾ ಹೋದರೆ ಒಂದು ಲಕ್ಷ ಒಂದು ವರ್ಷಕ್ಕೆ ಮೂರು ಲಕ್ಷ ದಾಟುತ್ತದೆ. ಐದು ವರ್ಷಕ್ಕೆ ಮೂರು ಕೋಟಿ ಆಗಬೇಕು. ಅಷ್ಟು ದುಡಿಯುವ ಯಾವ ದಂಧೆ ನಿಮಗೆ ಗೊತ್ತು? ಅಮೆರಿಕದ ಬಾಸ್ಟನ್‌ನಲ್ಲಿ 1920ರಲ್ಲಿ ಚಾರ್ಲ್ಸ್ ಪೊಂಜಿ ಅನ್ನುವವನು 45 ದಿನಕ್ಕೆ ಶೇ. 50 ಲಾಭ ಅಂತ ಹೇಳಿ ಜನರಿಂದ ರೊಕ್ಕ ಕಟ್ಟಿಸಿಕೊಂಡ. ಮೊದಲು ಬಂದವರಿಗೆ ಹೇಳಿದ ಹಾಗೆ ಕೊಟ್ಟ, ಆದರೆ ಹಿಂದಿನಿಂದ ಬಂದವರ ರೊಕ್ಕದಿಂದ. ನೂರು ವರ್ಷವಾದರೂ ಇದು ನಡೆಯುತ್ತಿರುವುದು "ಬಾಜೂ ಮನೆಯವರಿಗೆ ಬಂದಿದೆ" ಅನ್ನುವ ಒಂದೇ ಮಾತಿನ ಮೇಲೆ. ಬಾಜೂ ಮನೆಯವರಿಗೆ ಬಂದದ್ದು ನಿಜವೇ ಇರುತ್ತದೆ. ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತಿರುವುದಿಲ್ಲ.

ಜನರನ್ನು ಸೇರಿಸಿ ಅಂದರೆ

"ನೀವು ಐದು ಜನರನ್ನು ಸೇರಿಸಿ, ಅವರು ತಲಾ ಐದು ಜನರನ್ನು ಸೇರಿಸಲಿ." ಎಣಿಸಿ ನೋಡಿ: 5, 25, 125, 625, 3,125, 15,625, 78,125, 3,90,625. ಒಂಬತ್ತನೇ ಸುತ್ತಿಗೆ 19,53,125 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು 18.47 ಲಕ್ಷ. ಹುಬ್ಬಳ್ಳಿ, ಧಾರವಾಡ, ನವಲಗುಂದ, ಕಲಘಟಗಿ, ಕುಂದಗೋಳ, ತೊಟ್ಟಿಲ ಕೂಸನ್ನೂ ಬಿಡದೆ ಸೇರಿಸಿದರೂ ಒಂಬತ್ತನೇ ಸುತ್ತು ತುಂಬುವುದಿಲ್ಲ. ಸರಪಳಿ ಎಲ್ಲೇ ನಿಂತರೂ ಕಡೆಯ ಸುತ್ತಿನವರ ಕೆಳಗೆ ಯಾರೂ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಇರುವುದೂ ಆ ಕಡೆಯ ಸುತ್ತಿನಲ್ಲೇ.

ಇಂಥ ಹಣ ಚಲಾವಣೆ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ನಡೆಸುವವರಿಗೆ, ಪ್ರಚಾರ ಮಾಡುವವರಿಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ಸದಸ್ಯರ ಮೂಲಕ ಮಾಲು ಮಾರುವ ಕಂಪನಿಗಳಿಗೆ ಇರುವ 2021ರ ನೇರ ಮಾರಾಟ ನಿಯಮಗಳೂ ಹೀಗೆ ಒಬ್ಬರ ಕೆಳಗೆ ಒಬ್ಬರನ್ನು ಸೇರಿಸುವ ಪಿರಮಿಡ್ ಯೋಜನೆಗೆ ಅವಕಾಶ ಕೊಟ್ಟಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನೀವು ನಿಮ್ಮ ಸೋದರಮಾವನನ್ನು, ಗೆಳತಿಯನ್ನು ಸೇರಿಸಿದ ದಿನ ನೀವು ಬರೀ ಮೋಸ ಹೋದವರಾಗಿ ಉಳಿಯುವುದಿಲ್ಲ. ದೂರಿನಲ್ಲಿ ನಿಮ್ಮ ಹೆಸರೂ ಬರಬಹುದು. ಸಂಬಂಧ ಕೆಡುವುದಂತೂ ಖಂಡಿತ.

ಒಂದು ಸರಳ ಪರೀಕ್ಷೆ: ಹೊಸಬರು ಒಬ್ಬರೂ ಸೇರದಿದ್ದರೂ, ಬರೀ ಅವರು ಮಾರಲು ಕೊಡುವ ಸೋಪು, ಪುಡಿ, ಎಣ್ಣೆ ಮಾರಿಯೇ ನಿಮಗೆ ಲಾಭ ಬರುತ್ತದೆಯಾ? ಸದಸ್ಯರಲ್ಲದವರು ಆ ಬೆಲೆಗೆ ಆ ಸೋಪು ಕೊಳ್ಳುತ್ತಾರಾ?

ಕಾಗದ ಓದುವುದು

ಸರ್ಟಿಫಿಕೇಟುಗಳನ್ನು ಚೌಕಟ್ಟು ಹಾಕಿ ಗೋಡೆಗೆ ನೇತು ಹಾಕಿರುತ್ತಾರೆ. ಒಂದೊಂದೂ ಏನು ಹೇಳುತ್ತದೆ ಅಂತ ತಿಳಿದಿರಬೇಕು.

ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ 21 ಅಕ್ಷರ ಮತ್ತು ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ, ಸಿಐಎನ್ ಅನ್ನುತ್ತಾರೆ. ಇಂಟರ್ನೆಟ್ ಇಲ್ಲದೆಯೂ ಅದರಿಂದ ಎರಡು ವಿಷಯ ಓದಬಹುದು. ಮೊದಲು ಒಂದು ಅಕ್ಷರ, ಆಮೇಲೆ ಐದು ಅಂಕಿ, ಆಮೇಲೆ ರಾಜ್ಯದ ಎರಡು ಅಕ್ಷರ, ಕರ್ನಾಟಕಕ್ಕೆ 'ಕೆಎ'. ಅದರ ಮುಂದಿನ ನಾಲ್ಕು ಅಂಕಿ ಕಂಪನಿ ನೋಂದಣಿಯಾದ ವರ್ಷ. "ಹದಿನೈದು ವರ್ಷದ ಅನುಭವ" ಅಂತ ಬ್ಯಾನರ್ ಹಾಕಿದವರ ಸಂಖ್ಯೆಯಲ್ಲಿ ಹೋದ ವರ್ಷ ಇದ್ದರೆ ಅದಕ್ಕೆ ವಿವರಣೆ ಕೇಳಿ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಬಂಡವಾಳ ಎಷ್ಟು, ಕಂಪನಿ ಚಾಲ್ತಿಯಲ್ಲಿದೆಯೋ ಇಲ್ಲವೋ ಅನ್ನುವುದೂ ಸಿಗುತ್ತದೆ. ಒಂದು ಲಕ್ಷ ಬಂಡವಾಳದ ಕಂಪನಿ ನೂರು ಜನರಿಗೆ ತಿಂಗಳಿಗೆ 18 ಸಾವಿರ ಕೊಡುತ್ತೇನೆ ಅಂದರೆ ಯೋಚಿಸಬೇಕು ಅಲ್ವಾ?

ಜಿಎಸ್‌ಟಿ ನಂಬರ್ 15 ಅಂಕಿ-ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದ ಗುರುತು, ಕರ್ನಾಟಕದ್ದು 29. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿ. ಯಾರ ಹೆಸರಲ್ಲಿದೆ, ಯಾವ ದಿನ ನೋಂದಣಿಯಾಗಿದೆ, ರದ್ದಾಗಿದೆಯಾ, ರಿಟರ್ನ್ ತುಂಬುತ್ತಿದ್ದಾರಾ, ಎಲ್ಲವೂ ಕಾಣುತ್ತದೆ. ಕಾಗದಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ತಿಂಗಳಿಗೆ ಟನ್‌ಗಟ್ಟಲೆ ಮಾಲು ಮಾರುತ್ತೇವೆ ಅನ್ನುವವರು ತಿಂಗಳುಗಟ್ಟಲೆ ರಿಟರ್ನ್ ತುಂಬಿಲ್ಲ ಅಂದರೆ ನನ್ನ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಸಣ್ಣ ಉದ್ಯಮಗಳಿಗೆ ಇರುವ 'ಉದ್ಯಮ್' ನೋಂದಣಿಯನ್ನು "ಸರ್ಕಾರದ ಮಾನ್ಯತೆ" ಅಂತ ತೋರಿಸುತ್ತಾರೆ. ಅದು ಯಾರು ಬೇಕಾದರೂ ಆಧಾರ್ ಹಾಕಿ, ಸ್ವಂತ ಹೇಳಿಕೆಯ ಮೇಲೆ, ಪುಕ್ಕಟೆಯಾಗಿ ಮಾಡಿಕೊಳ್ಳುವ ನೋಂದಣಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಭರವಸೆಯ ಪತ್ರವೂ ಅಲ್ಲ. ಆಹಾರದ ದಂಧೆ ಇದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್ ಇರಲೇಬೇಕು.

ಠೇವಣಿ ತಗೊಳ್ಳುವವರ ವಿಷಯ ಬೇರೆ. ಕಂಪನಿ ನೋಂದಣಿ ಇದ್ದ ಮಾತ್ರಕ್ಕೆ ಜನರಿಂದ ಠೇವಣಿ ತಗೊಳ್ಳುವ ಹಕ್ಕು ಬರುವುದಿಲ್ಲ. 2019ರ ಕಾಯ್ದೆಯ ಪ್ರಕಾರ ಅನಿಯಂತ್ರಿತ ಠೇವಣಿ ಯೋಜನೆಗಳು ಅಪರಾಧ. ಯಾರಿಗೆ ಅನುಮತಿ ಇದೆ ಅಂತ ರಿಸರ್ವ್ ಬ್ಯಾಂಕಿನ 'ಸಚೇತ್' ವೆಬ್‌ಸೈಟಿನಲ್ಲಿ ಹುಡುಕಬಹುದು. ದೂರನ್ನೂ ಅಲ್ಲೇ ಕೊಡಬಹುದು.

ಕರಾರು ಪತ್ರ

ಬಾಂಡ್ ಪೇಪರ್ ಮೇಲೆ ಬರೆದಿದ್ದಾರೆ, ನೋಟರಿ ಸಹಿ ಇದೆ ಅಂತ ಧೈರ್ಯ ತಗೊಳ್ಳುವವರು ಬಹಳ. ನೋಟರಿ ದೃಢೀಕರಿಸುವುದು ಸಹಿಯನ್ನು. ಒಳಗೆ ಬರೆದದ್ದು ನಡೆಯುತ್ತದೆ ಅಂತ ಅವರು ಹೊಣೆ ಹೊರುವುದಿಲ್ಲ. ವೈನಿಯ ಕರಾರಿನಲ್ಲಿ ನಾನು ಮೂರು ಸಾಲು ಕಂಡೆ, ನಿಮ್ಮದರಲ್ಲೂ ಅವನ್ನೇ ಹುಡುಕಿ. ಒಂದು, "ಕಂಪನಿಯ ಗುಣಮಟ್ಟಕ್ಕೆ ತಕ್ಕಂತೆ ಇದ್ದರೆ ಮಾತ್ರ ಖರೀದಿ", ಆದರೆ ಆ ಗುಣಮಟ್ಟ ಏನು ಅಂತ ಎಲ್ಲೂ ಬರೆದಿಲ್ಲ. ಎರಡು, ಸಾಗಾಣಿಕೆ ಖರ್ಚು ನಮ್ಮದು. ಮೂರು, ತಕರಾರು ಬಂದರೆ ದೂರದ ಬೇರೆ ರಾಜ್ಯದ ಕೋರ್ಟಿಗೆ ಹೋಗಬೇಕು. ಅವರು ಸಹಿ ಮಾಡಿಸಿದ್ದು ಇಂಗ್ಲಿಷ್ ಕಾಗದಕ್ಕೆ. ನಿಮಗೆ ಓದಲು ಬರುವ ಭಾಷೆಯಲ್ಲಿ ಪ್ರತಿ ಕೇಳಿ. ಕೊಡುವುದಿಲ್ಲ ಅಂದರೆ ಎದ್ದು ಬನ್ನಿ.

ರೊಕ್ಕ ಯಾರ ಖಾತೆಗೆ ಹೋಗುತ್ತದೆ ಅನ್ನುವುದನ್ನೂ ನೋಡಿ. ಸ್ಕ್ಯಾನ್ ಮಾಡಿದಾಗ ಕಂಪನಿ ಹೆಸರಿನ ಬದಲು ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ.

ಹೋಗಿ ನೋಡಿ, ಕೇಳಿ

ಹೋಟೆಲ್ ಹಾಲ್‌ನಲ್ಲಿ ನಡೆಯುವ ಸಭೆ ನೋಡಿ ಬಂದರೆ ಕಂಪನಿ ನೋಡಿದ ಹಾಗಾಗುವುದಿಲ್ಲ. ಹೇಳದೆ ಕೇಳದೆ ಒಂದು ಕೆಲಸದ ದಿನ ಆಫೀಸಿಗೆ ಹೋಗಿ. ಕೆಳಗಿನ ಚಹಾದ ಅಂಗಡಿಯವರನ್ನು ಕೇಳಿ: "ಇವರು ಬಂದು ಎಷ್ಟು ದಿನ ಆತ್ರೀ? ಮಾಲು ಬರೋದು ಹೋಗೋದು ಕಾಣ್ತದೇನು?"

ಅವರು ತೋರಿಸುವ "ಯಶಸ್ವಿ ಸದಸ್ಯರು" ಅವರ ಮನುಷ್ಯರೇ ಇರಬಹುದು. ಯಂತ್ರ ತಗೊಂಡು ಒಂದು ವರ್ಷ ದಾಟಿದವರನ್ನು ನೀವೇ ಹುಡುಕಿ. ಹೋದ ತಿಂಗಳು ಎಷ್ಟು ಬಂತು ಅಂತ ಕೇಳಿ, ಸಲಿಗೆ ಇದ್ದರೆ ಪಾಸ್‌ಬುಕ್ ತೋರಿಸಲು ಹೇಳಿ.

ನಮ್ಮ ಭಾಗದಲ್ಲಿ ಇಂಥ ವಿಚಾರ ಬಲ್ಲವರು ಬೇಕಾದಷ್ಟು ಇದ್ದಾರೆ. ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ, ಊಟ ವಸತಿ ಕೊಟ್ಟು ಸ್ವಯಂ ಉದ್ಯೋಗದ ತರಬೇತಿ ಪುಕ್ಕಟೆ ಕೊಡುತ್ತಾರೆ. ಉದ್ಯಮಶೀಲತೆ ಕಲಿಸುವ ಸಿಡಾಕ್ ಕೂಡ ಧಾರವಾಡದಲ್ಲೇ ಇದೆ. ಅಣಬೆ, ಜೇನು, ಕೋಳಿ, ಕುರಿ ಅಂತ ಯಾರಾದರೂ ಬಂದರೆ ಗದಗ ಕಡೆಯವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಹಾವೇರಿ ಕಡೆಯವರು ರಾಣೆಬೆನ್ನೂರು ಹತ್ತಿರದ ಹನುಮನಮಟ್ಟಿ ಕೇಂದ್ರಕ್ಕೆ ಹೋಗಿ ಕೇಳಬಹುದು. ಏನನ್ನೂ ಮಾರದವರ ಅಭಿಪ್ರಾಯ ಅಲ್ಲಿ ಸಿಗುತ್ತದೆ.

ಬ್ಯಾಂಕ್ ಕೂಡ ಒಂದು ಒಳ್ಳೆಯ ಜರಡಿ. ನಿಮ್ಮ ಹತ್ತಿರ ರೊಕ್ಕ ಇದ್ದರೂ, ಅದೇ ಯೋಜನೆ ಹಿಡಿದು ಸಾಲ ಕೇಳಲು ಹೋಗಿ. ಮಾಲು ಯಾರು ಕೊಳ್ಳುತ್ತಾರೆ ಅಂತ ಮ್ಯಾನೇಜರ್ ಮೊದಲೇ ಕೇಳುತ್ತಾರೆ. ಅವರಿಗೆ ಒಪ್ಪಿಗೆಯಾಗದ ಲೆಕ್ಕಕ್ಕೆ ಸ್ವಂತ ಬಂಗಾರ ಅಡವಿಡಬೇಡಿ. ಪಿಎಂಇಜಿಪಿಯಂಥ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಸರ್ಕಾರಿ ಯೋಜನೆಯಲ್ಲಿ ಸಬ್ಸಿಡಿ ನಿಜವಾಗಿಯೂ ಸಿಗುತ್ತದೆ, ವರ್ಗ ಮತ್ತು ಊರಿನ ಮೇಲೆ ಶೇ. 15ರಿಂದ 35ರವರೆಗೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. "ನಾನು ಮಂಜೂರು ಮಾಡಿಸುತ್ತೇನೆ, ಮುಂಗಡ ಕೊಡಿ" ಅನ್ನುವವರನ್ನು ದೂರ ಇಡಿ.

ಏಜೆನ್ಸಿ, ಫ್ರಾಂಚೈಸಿ ಅಂತ ಬಂದರೆ ಮೂಲ ಕಂಪನಿಯನ್ನೇ ನೇರವಾಗಿ ಕೇಳಿ, ಏಜೆನ್ಸಿ ಕೊಡಿಸುತ್ತೇನೆ ಅಂದವರು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ನಂದಿನಿ ಮಳಿಗೆ ಅಂದರೆ ಹಾಲು ಒಕ್ಕೂಟದ ಕಚೇರಿಗೆ ಹೋಗಿ. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿಗೆ ತೈಲ ಕಂಪನಿಗಳು ಜಾಹೀರಾತು ಕೊಟ್ಟೇ ಅರ್ಜಿ ಕರೆಯುತ್ತವೆ. ಹೊಲದಲ್ಲಿ ಮೊಬೈಲ್ ಟವರ್ ಹಾಕಲು ನೀವು ಮುಂಗಡ ಕಟ್ಟಬೇಕು ಅಂದರೆ ಅದು ಮೋಸ.

ಮೊಬೈಲಿನಲ್ಲಿ ಬರುವವು

ವಿಡಿಯೋಗೆ ಲೈಕ್ ಮಾಡಿ, ಹೋಟೆಲಿಗೆ ಸ್ಟಾರ್ ಕೊಡಿ ಅಂತ ಮೊದಲು ನೂರೈವತ್ತು ಹಾಕುತ್ತಾರೆ. ಆಮೇಲೆ "ಮುಂದಿನ ಟಾಸ್ಕ್‌ಗೆ ನೀವು ಹಾಕಿ". ಅಲ್ಲಿಂದ ಮುಂದೆ ಏನೂ ವಾಪಸ್ ಬರುವುದಿಲ್ಲ. ರೊಕ್ಕ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತುವುದು ರೊಕ್ಕ ಹೋಗಲು.

ಕಾಲೇಜು ಹುಡುಗರಿಗೆ ಒಂದು ಮಾತು. "ನಿನ್ನ ಬ್ಯಾಂಕ್ ಖಾತೆ, ಸಿಮ್ ನಮಗೆ ಕೊಡು, ತಿಂಗಳಿಗೆ ಐದು ಸಾವಿರ" ಅನ್ನುವುದನ್ನು ದಂಧೆ ಅಂತ ತಿಳಿಯಬೇಡಿ ತಮ್ಮಾ. ಮೋಸದ ರೊಕ್ಕ ಆ ಖಾತೆಯಲ್ಲಿ ಓಡಾಡುತ್ತದೆ. ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಈಗಾಗಲೇ ಕೊಟ್ಟಿದ್ದರೆ

ಆನ್‌ಲೈನ್‌ನಲ್ಲಿ ರೊಕ್ಕ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ರೊಕ್ಕ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಅವಕಾಶ ಜಾಸ್ತಿ. ನಿಮ್ಮ ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ತಿಳಿಸಿ. ಆಮೇಲೆ ಸೈಬರ್ ಮತ್ತು ಆರ್ಥಿಕ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಕೈಯಲ್ಲಿ ಕೊಟ್ಟ ರೊಕ್ಕ, ಯಂತ್ರದ ವ್ಯವಹಾರ ಆಗಿದ್ದರೆ ನಿಮ್ಮ ಠಾಣೆಯಲ್ಲೇ ದೂರು ಕೊಡಬಹುದು. ಠೇವಣಿ ಕಳೆದುಕೊಂಡವರಿಗೆ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಅದರ ಅಡಿ ಕಂಪನಿಯ ಆಸ್ತಿ ಜಪ್ತಿ ಮಾಡಲು ಬರುತ್ತದೆ. ಒಬ್ಬೊಬ್ಬರೇ ಹೋಗುವುದಕ್ಕಿಂತ ಓಣಿಯವರು, ಊರವರು ಸೇರಿ ಹೋದರೆ ಮೋಸದ ಅಳತೆ ಪೊಲೀಸರಿಗೂ ಗೊತ್ತಾಗುತ್ತದೆ.

"ಇನ್ನೊಂದು ಇಪ್ಪತ್ತು ಸಾವಿರ ಕಟ್ಟಿದರೆ ಹಳೆಯದೆಲ್ಲಾ ಬಿಡುಗಡೆ" ಅಂತ ಯಾರಾದರೂ ಫೋನ್ ಮಾಡುತ್ತಾರೆ. ಕಟ್ಟಬೇಡಿ.

ವೈನಿ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ನಾಚಿಕೆ ಆಗಿತ್ತು, ಮೇಲಾಗಿ ಓಣಿಯ ಇಬ್ಬರು ತಮ್ಮನ್ನು ನೋಡಿಯೇ ಯಂತ್ರ ತಂದಿದ್ದಾರೆ ಅನ್ನುವ ಸಂಕಟ. ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಆ ಆಫೀಸಿನ ಜಾಗದಲ್ಲಿ ಬೇರೆ ಅಂಗಡಿ ಬಂದಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸುಮ್ನೆ ಕೂತಿದ್ದರೆ ಬೈಯಬೇಡಿ. ಪಕ್ಕದಲ್ಲಿ ಕೂತು ಕೇಳಿ, ಬ್ಯಾಂಕ್ ಪಾಸ್‌ಬುಕ್, ರಸೀದಿ, ಕರಾರು ಪತ್ರ, ವಾಟ್ಸ್‌ಆಪ್ ಮೆಸೇಜುಗಳ ಫೋಟೋ, ಫೋನ್ ನಂಬರುಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ. ಠಾಣೆಗೆ ನೀವೂ ಅವರ ಜೊತೆ ಹೋಗಿ. ದೂರಿನ ಪ್ರತಿ, ನಂಬರ್ ಹಾಕಿಸಿಕೊಂಡು ಬನ್ನಿ.